ಆ ಹಾಡಿನಲ್ಲಿ ಯೇಸುವಿನ ಹೆಸರು ಬರುತ್ತದೆಯೇ?

“ಆ ಹಾಡಿನಲ್ಲಿ ಒಂದು ಸಲವಾದರೂ ಯೇಸುವಿನ ಹೆಸರು ಬರುತ್ತದೆಯೇನಮ್ಮಾ?” ಎಂದು ನಮ್ಮ ಸಭೆಯ ಹಿರಿಯರೊಬ್ಬರು ಈ ಭಾನುವಾರದ ಯೌವನಸ್ಥರ ಕೂಟದಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳನ್ನು ಕೇಳಿದರು. “ಇಲ್ಲ ಅಂಕಲ್, ಬರೋದಿಲ್ಲ. ಆದರೆ ಅದನ್ನು ಕೇಳಿದ ಮೇಲೆ ನನಗೆ ಪ್ರಾರ್ಥನೆ ಮಾಡಬೇಕು ಅನ್ನಿಸುತ್ತೆ. ಇಲ್ಲಿ ನಾವು ಹಾಡೋ ಹಾಡುಗಳಾದ ಮೇಲೆ ಯಾವಾಗಲೂ ಹಾಗೆ ಅನ್ನಿಸೋದಿಲ್ಲ” ಎಂದು ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಕ್ರೈಸ್ತರು ಕೇಳಬೇಕಾದ ಮತ್ತು ಕೇಳಬಾರದ ಸಂಗೀತ ಯಾವುದು ಎಂಬುದು ಅಂದಿನ ಚರ್ಚೆಯ ವಿಷಯವಾಗಿತ್ತು. ತಾಯಿಯನ್ನು ಕಳೆದುಕೊಂಡ ಮಗಳೊಬ್ಬಳು ಬರಿದಾದ ಕೋಣೆಯೊಂದಿಗೆ ಮಾತನಾಡುವ ಹಾಡು ಅದು. ಹೋದ ವರ್ಷ ಈ ಹುಡುಗಿಯ ತಾಯಿ ತೀರಿಕೊಂಡದ್ದು ಅಲ್ಲಿ ಕುಳಿತಿದ್ದ ಎಲ್ಲರಿಗೂ ಗೊತ್ತಿತ್ತು.

ಆ ಹಿರಿಯರು ಕಠಿಣ ಮನಸ್ಸಿನವರಲ್ಲ. ಅವಳ ತಾಯಿಯ ಕೊನೆಯ ರಾತ್ರಿಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಪ್ರಾರ್ಥಿಸಿದವರು ಅವರೇ. ಮಕ್ಕಳು ಕೈತಪ್ಪಿ ಹೋದಾರೆಂಬ ಭಯದಿಂದಲೇ ಅವರು ಆ ಪ್ರಶ್ನೆ ಕೇಳಿದ್ದರು. ನನಗೆ ಹೆಚ್ಚು ನೋವಾದದ್ದು, ಆರಾಧನೆಯಲ್ಲಿ ಗಿಟಾರ್ ನುಡಿಸುವ ಯುವಕ “ಲೌಕಿಕ ಹಾಡು ಯಾವತ್ತಿದ್ದರೂ ಲೌಕಿಕವೇ” ಎಂದು ತಕ್ಷಣ ತೀರ್ಪು ಕೊಟ್ಟಾಗ. ಇನ್ನೊಬ್ಬರ ದುಃಖವನ್ನು ಒಂದು ಕ್ಷಣವೂ ಆಲಿಸದೆ ಇಷ್ಟು ಬೇಗ ವಿಂಗಡಿಸಬಲ್ಲವರ ಕೈಗೆ ಸಭೆಯ ಹಾಡುಗಳನ್ನು ಒಪ್ಪಿಸುವಾಗ ನಾವು ಇನ್ನಷ್ಟು ಯೋಚಿಸಬೇಕು ಎಂಬುದು ನನ್ನ ಅನಿಸಿಕೆ.

ಹೆಸರು ಇದೆಯೇ ಇಲ್ಲವೇ ಎಂಬುದೇ ಅಳತೆಯಾಗುವುದಾದರೆ, ಎಸ್ತೇರಳ ಗ್ರಂಥ ನಮ್ಮ ಬೈಬಲಿನಲ್ಲಿ ಹೇಗೆ ಉಳಿದೀತು? ಅದರ ಹೀಬ್ರೂ ಮೂಲದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಆದರೂ ಪುಟಪುಟದಲ್ಲೂ ಆತನ ಕೈ ಕಾಣುತ್ತದೆ. ಇತ್ತ ಪ್ರವಾದಿ ಆಮೋಸನ ಕಾಲದಲ್ಲಿ ಹಾಡುಗಳು ದೇವರಿಗೆಂದೇ ಹಾಡಿದವಾಗಿದ್ದವು; ಆ ಹಾಡುಗಳ ಗದ್ದಲವನ್ನು ನನ್ನಿಂದ ತೊಲಗಿಸಿರಿ ಎಂದು ದೇವರೇ ಹೇಳುತ್ತಾನೆ, ಏಕೆಂದರೆ ಹಾಡುವವರು ಬಡವರನ್ನು ತುಳಿಯುತ್ತಿದ್ದರು. ಕಿನ್ನರಿ ಕೊಳಲು ನುಡಿಸುವವರ ಮೂಲಪುರುಷನೆಂದು ಆದಿಕಾಂಡ ಹೆಸರಿಸುವ ಯೂಬಾಲನು ಹುಟ್ಟಿದ್ದು ಕೊಲೆಗಾರ ಕಾಯಿನನ ವಂಶದಲ್ಲಿ. ಅದೇ ಕಿನ್ನರಿ ಮುಂದೆ ದಾವೀದನ ಕೈಗೆ ಬಂತು. ಯೇಸುವಿನ ಮುಳ್ಳಿನ ಕಿರೀಟವನ್ನು ನೆನೆದು ಶುಭ ಶುಕ್ರವಾರದಂದು ಲೋಕದ ಎಷ್ಟೋ ಸಭೆಗಳು ಕಣ್ಣೀರಿನಿಂದ ಹಾಡುವ ಒಂದು ರಾಗವನ್ನು ಜರ್ಮನ್ ಸಂಗೀತಗಾರ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ್ದು ಪ್ರೇಮಗೀತೆಯೊಂದಕ್ಕಾಗಿ. ಮುಂದೆ ಅದೇ ನಾಡಿನ ಸಂಗೀತಗಾರ ಬಾಖ್, ಯೇಸುವಿನ ಶ್ರಮೆ ಮರಣಗಳನ್ನು ಹಾಡುವ ತನ್ನ ಶ್ರಮಸಂಗೀತದಲ್ಲಿ ಆ ರಾಗವನ್ನೇ ಮತ್ತೆ ಮತ್ತೆ ತರುತ್ತಾನೆ. ಲೌಕಿಕವಾದದ್ದು ಲೌಕಿಕವಾಗಿಯೇ ಉಳಿಯಬೇಕೆಂದು ಅಂದಿನವರು ಹಟ ಹಿಡಿದಿದ್ದರೆ ಆ ಹಾಡು ನಮಗೆ ಸಿಗುತ್ತಿರಲಿಲ್ಲ.

ಈ ಪ್ರಶ್ನೆ ನಮ್ಮ ಕಾಲದ್ದಷ್ಟೇ ಅಲ್ಲ. 16ನೇ ಶತಮಾನದಲ್ಲಿ ಯೂರೋಪಿನ ಸಭೆಯನ್ನು ಸುಧಾರಿಸಿದವರಲ್ಲಿ ಲೂಥರ್ ಸಂಗೀತವನ್ನು ದೇವರ ದೊಡ್ಡ ವರವೆಂದು ಕೊಂಡಾಡಿದನು. ಕ್ಯಾಲ್ವಿನ್ ವಾದ್ಯಗಳಿಲ್ಲದೆ ಕೀರ್ತನೆಗಳನ್ನು ಹಾಡಿಸಿದನು. ಹಲವು ವಾದ್ಯಗಳನ್ನು ಬಲ್ಲ ಸ್ವಿಂಗ್ಲಿಯ ಜ್ಯೂರಿಕ್‌ನಲ್ಲಿ ಆರಾಧನೆಯಿಂದ ಸಂಗೀತವೇ ಹೊರಟುಹೋಯಿತು. ಒಂದೇ ಬೈಬಲ್ ಓದಿದ ಭಕ್ತರು ಹೀಗೆ ಬೇರೆ ಬೇರೆ ದಾರಿ ಹಿಡಿದಿರುವಾಗ, ಒಂದೇ ಪ್ರಶ್ನೆಯಿಂದ ಒಬ್ಬ ಹುಡುಗಿಯ ಬಾಯಿ ಮುಚ್ಚಿಸುವ ಧೈರ್ಯ ನನಗೆ ಬರುವುದಿಲ್ಲ.

ಹಾಗೆಂದು ಅವಳ ಉತ್ತರವೂ ಸಾಲದು. “ಕೇಳಿದ ಮೇಲೆ ಪ್ರಾರ್ಥನೆ ಮಾಡಬೇಕು ಅನ್ನಿಸುತ್ತೆ” ಎಂಬ ಮಾತನ್ನು ನಾನು ವಾರವಿಡೀ ಮನಸ್ಸಿನಲ್ಲಿ ಹೊರಳಿಸಿ ನೋಡಿದ್ದೇನೆ. ಅದರಲ್ಲಿ ಸತ್ಯವಿದೆ: ಹಾಡು ಮುಗಿದ ಮೇಲೆ ನಾನು ಏನನ್ನು ಬಯಸುತ್ತೇನೆ ಎಂಬುದು ಒಳ್ಳೆಯ ಪರೀಕ್ಷೆ. ಆದರೆ ಭಾವನೆಯೂ ಮೋಸಗೊಳಿಸಬಲ್ಲದು. ಮನಪರಿವರ್ತನೆಯ ಆರಂಭದ ದಿನಗಳಲ್ಲಿ ಸಭೆಯ ಹಾಡುಗಳನ್ನು ಕೇಳಿ ಅತ್ತಿದ್ದ ಪ್ರಾಚೀನ ಸಭೆಯ ಗುರು ಅಗಸ್ಟೀನನು, ಹಾಡಿನ ಅರ್ಥಕ್ಕಿಂತ ಹಾಡುವ ದನಿಯೇ ತನ್ನನ್ನು ಹೆಚ್ಚು ಕರಗಿಸಿದಾಗ ಅದನ್ನು ಪಾಪವೆಂದೇ ತನ್ನ ‘ಆತ್ಮನಿವೇದನೆ’ ಎಂಬ ಗ್ರಂಥದ ಹತ್ತನೆಯ ಭಾಗದಲ್ಲಿ ಒಪ್ಪಿಕೊಳ್ಳುತ್ತಾನೆ. ದಾವೀದನು ಕಿನ್ನರಿ ನುಡಿಸಿದಾಗ ಅರಸನಾದ ಸೌಲನಿಗೆ ಉಪಶಮನವಾಯಿತು ಎಂದು ಒಂದನೇ ಸಮುವೇಲ 16ನೇ ಅಧ್ಯಾಯ ಹೇಳುತ್ತದೆ. 18ನೇ ಅಧ್ಯಾಯದಲ್ಲಿ ಅದೇ ಕೈ ಅದೇ ವಾದ್ಯವನ್ನು ನುಡಿಸುತ್ತಿರುವಾಗ ಸೌಲನು ಈಟಿ ಎಸೆಯುತ್ತಾನೆ. ಅಷ್ಟರಲ್ಲಿ ಅವನ ಹೃದಯದಲ್ಲಿ ಹೊಟ್ಟೆಕಿಚ್ಚು ಬೇರೂರಿತ್ತು. ಆದ್ದರಿಂದ ಹಾಡನ್ನು ಪರೀಕ್ಷಿಸುವಾಗ ಕೇಳುವ ಹೃದಯವನ್ನೂ ಪರೀಕ್ಷಿಸದೆ ಬೇರೆ ದಾರಿಯಿಲ್ಲ.

ಕುಡಿತ ಬಿಟ್ಟು ಪ್ರಭುವಿನ ಕಡೆಗೆ ತಿರುಗಿದ ಗೆಳೆಯನೊಬ್ಬ ನನಗಿದ್ದಾನೆ. ಸಾಹಿತ್ಯವೇ ಇಲ್ಲದ, ಯಾರೂ ತಪ್ಪು ಹುಡುಕಲಾಗದ ಒಂದು ವಾದ್ಯಸಂಗೀತ ಎಲ್ಲಿಯಾದರೂ ಕೇಳಿಬಂದರೆ ಅವನು ಎದ್ದು ಹೊರಗೆ ಹೋಗುತ್ತಾನೆ. ಹಳೆಯ ರಾತ್ರಿಗಳಲ್ಲಿ ಲೋಟದ ಮುಂದೆ ಕುಳಿತು ಅವನು ಕೇಳುತ್ತಿದ್ದದ್ದು ಅದನ್ನೇ. ಮೊದಲ ಸ್ವರಗಳು ಕಿವಿಗೆ ಬೀಳುತ್ತಿದ್ದಂತೆ ಬಾಯಿ ಒಣಗುತ್ತದೆ ಎನ್ನುತ್ತಾನೆ. ಅವನ ಮನೆಯಲ್ಲಿ ನಾನು ಆ ಸಂಗೀತವನ್ನು ಹಾಕುವುದಿಲ್ಲ. ನನ್ನ ಮನೆಯಲ್ಲಿ ಕೇಳಿದರೆ ನನಗೆ ಯಾವ ದೋಷವೂ ಇಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಆಹಾರದ ವಿಷಯವಾಗಿ, ನಿನಗೆ ದೋಷವಿಲ್ಲದ್ದಾದರೂ ಸಹೋದರನನ್ನು ಎಡವಿಸುವುದಾದರೆ ಬಿಟ್ಟುಬಿಡು ಎಂದು ಹೇಳಿದ್ದು ಇಲ್ಲಿಯೂ ಸಲ್ಲುತ್ತದೆ ಎಂದು ನಾನು ನಂಬುತ್ತೇನೆ.

ಇನ್ನು ಸಾಹಿತ್ಯದ ವಿಷಯ. ಸೇಡನ್ನು ಶೌರ್ಯವೆನ್ನುವ, ಹೆಣ್ಣನ್ನು ಬರೀ ಮೈಯಾಗಿ ಕಾಣುವ, ಹಣದ ಮದವನ್ನು ಮೆರೆಸುವ ಹಾಡುಗಳನ್ನು ನಾನು ಕೇಳುವುದಿಲ್ಲ. ತಾಳ ಎಷ್ಟೇ ಸೊಗಸಾಗಿದ್ದರೂ ಕೇಳುವುದಿಲ್ಲ. ಹಾಡು ಒಂದು ಸಲ ಕೇಳಿ ಬಿಟ್ಟುಬಿಡುವ ಮಾತಲ್ಲ. ನೂರು ಸಲ ನಮ್ಮದೇ ಬಾಯಿಂದ ಹೊರಡುವ ಮಾತು. ಆದರೆ ಪ್ರೀತಿಯನ್ನೋ ಅಗಲಿಕೆಯನ್ನೋ ಪ್ರಾಮಾಣಿಕವಾಗಿ ಹಾಡುವುದನ್ನು ಅದೇ ಸಾಲಿಗೆ ಸೇರಿಸಲಾರೆ. ಪರಮಗೀತೆ ಪ್ರೀತಿಯನ್ನು ನಾಚಿಕೆಯಿಲ್ಲದೆ ಹಾಡುತ್ತದೆ, 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ನಮ್ಮ ಆರಾಧನೆಯಲ್ಲಿ ಜಯದ ಹಾಡುಗಳೇ ತುಂಬಿಕೊಂಡು ದುಃಖಕ್ಕೆ ಜಾಗವೇ ಇಲ್ಲದಂತಾದಾಗ ತಾಯಿಯಿಲ್ಲದ ಮಗಳು ತನ್ನ ಹಾಡನ್ನು ಹೊರಗೆ ಹುಡುಕಿದರೆ, ಅವಳನ್ನು ವಿಚಾರಿಸುವ ಮೊದಲು ನಾವು ನಮ್ಮ ಹಾಡುಗಳನ್ನು ವಿಚಾರಿಸಬೇಕು. ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲನು ಕೊಡುವ, ನಾವು ಮನಸ್ಸಿನಲ್ಲಿ ಧ್ಯಾನಿಸಬೇಕಾದವುಗಳ ಪಟ್ಟಿಯಲ್ಲಿ ಮೊದಲನೆಯದೇ ಸತ್ಯವಾದದ್ದು. ಅವಳ ಹಾಡು ಸತ್ಯವಾಗಿತ್ತು.

ಇಷ್ಟೆಲ್ಲ ಆಯ್ಕೆಯ ಮಾತಾಡುವ ನಮ್ಮಲ್ಲಿ ಅನೇಕರು ಈಗ ಆಯ್ಕೆಯನ್ನೇ ಮಾಡುತ್ತಿಲ್ಲ ಎಂಬ ಚಿಂತೆಯೂ ನನಗಿದೆ. ಒಂದು ಹಾಡು ಮುಗಿದರೆ ಮುಂದಿನದನ್ನು ಫೋನೇ ಹಾಕುತ್ತದೆ. ಹೆಚ್ಚು ಹೊತ್ತು ಕೇಳಿಸುವುದಷ್ಟೇ ಅದರ ಲೆಕ್ಕಾಚಾರ. ಯಾವುದಕ್ಕೂ ಅಧೀನನಾಗಲಾರೆ ಎಂದು ಕೊರಿಂಥದವರಿಗೆ ಬರೆದ ಪೌಲನನ್ನು ನೆನೆದು, ಆ ಸೌಲಭ್ಯವನ್ನು ನಾನು ಆಫ್ ಮಾಡಿಟ್ಟಿದ್ದೇನೆ. ಭಕ್ತಿಗೀತೆಗಳಿಗೂ ಇದೇ ನಿಯಮ.

ಮುಂದಿನ ಕೂಟದಲ್ಲಿ ಪ್ರತಿಯೊಬ್ಬರೂ ತಾವು ಕೇಳುವ ಒಂದು ಹಾಡಿನ ಸಾಹಿತ್ಯವನ್ನು ಬರೆದುಕೊಂಡು ಬಂದು, ರಾಗವಿಲ್ಲದೆ ಗಟ್ಟಿಯಾಗಿ ಓದಲಿ ಎಂದು ಸಭಾಪಾಲಕರನ್ನು ಕೇಳಿಕೊಂಡೆ, ಅವರು ಒಪ್ಪಿದ್ದಾರೆ. ಗಿಟಾರ್ ನುಡಿಸುವ ಯುವಕ ಆರಾಧನೆಯಲ್ಲಿ ತಾನೇ ಹಾಡಿಸುವ ಒಂದು ಹಾಡನ್ನೂ ಹಾಗೆಯೇ ಓದಬೇಕೆಂಬ ನನ್ನ ಷರತ್ತಿಗೆ ಇನ್ನೂ ಉತ್ತರ ಬಂದಿಲ್ಲ.