ಸಣ್ಣ ಏರ್‌ಪೋರ್ಟಿನಿಂದ ಸಣ್ಣ ಏರ್‌ಪೋರ್ಟಿಗೆ: ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ

ನಾವು ವಿಮಾನದಲ್ಲಿ ಹೋಗಬೇಕಿದ್ದ ಊರಿಗೆ ನೆಟ್‌ನಲ್ಲಿ ನೋಡಿದರೆ ದೂರ 400 ಕಿಲೋಮೀಟರ್. ಟಿಕೆಟ್‌ನಲ್ಲಿ 1 ಗಂಟೆ 15 ನಿಮಿಷ ಅಂತಿತ್ತು. ಇಷ್ಟು ಹತ್ತಿರಕ್ಕೆ ಅಷ್ಟು ಹೊತ್ತು ಬೇಕಾ ಅನ್ನಿಸುವುದು ಸಹಜ.

ನೆಟ್ ತೋರಿಸುವುದು ಎರಡು ಊರಿನ ನಡುವಿನ ನೇರ ದೂರ. ಕೆಲವು ಕಡೆ ಅದನ್ನೇ 216 ನಾಟಿಕಲ್ ಮೈಲಿ ಅಂತ ಬರೆದಿರುತ್ತಾರೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್, ಗೊಂದಲ ಬೇಡ. ವಿಮಾನ ಮಾತ್ರ ಅಷ್ಟು ನೇರವಾಗಿ ಹೋಗುವುದಿಲ್ಲ. ಗಾಳಿಗೆ ಎದುರಾಗಿ ಏರಬೇಕು, ಗೊತ್ತಾದ ದಾರಿಯಲ್ಲೇ ಸಾಗಬೇಕು, ಇಳಿಯುವಾಗ ಸುತ್ತು ಹೊಡೆದು ರನ್‌ವೇಗೆ ಸರಿಯಾಗಿ ಬರಬೇಕು. ಅದೂ ಅಲ್ಲದೆ, ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಆ ಕಡೆ ಹೋಗಿ ನಿಲ್ಲುವ ತನಕ ಎಲ್ಲ ಟಿಕೆಟ್ ಸಮಯದಲ್ಲೇ ಸೇರಿರುತ್ತದೆ.

ನಮಗೆ ಸಿಕ್ಕಿದ್ದು ಎಟಿಆರ್ 72, ರೆಕ್ಕೆಗೆ ಪ್ರೊಪೆಲ್ಲರ್ ಇರುವ ವಿಮಾನ. ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಜೆಟ್ 800 ದಾಟುತ್ತದೆ, ಆದರೆ ಇಷ್ಟು ದೂರಕ್ಕೆ ಅದರಿಂದ ಉಳಿಯುವ ಹೊತ್ತು ಜಾಸ್ತಿಯೇನಲ್ಲ. ಏರಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇಳಿಯುವ ಸಮಯ ಬಂದಿರುತ್ತದೆ.

ಎಟಿಆರ್‌ಗೆ ಹಿಂದಿನ ಬಾಗಿಲಿನಿಂದ ಹತ್ತುತ್ತಾರೆ. ಮುಂದಿನ ಭಾಗದಲ್ಲಿ ಲಗೇಜ್ ಇರುತ್ತದೆ. ತಲೆ ಮೇಲಿನ ಗೂಡು ಚಿಕ್ಕದು, ಗಾಲಿ ಇರುವ ಬ್ಯಾಗ್ ಹಿಡಿಸುವುದು ಕಷ್ಟ. ಅದನ್ನು ಸಿಬ್ಬಂದಿ ಮೆಟ್ಟಿಲ ಹತ್ತಿರವೇ ತೆಗೆದುಕೊಂಡುಬಿಡಬಹುದು, ಹಾಗಾಗಿ ಮಾತ್ರೆ, ಚಾರ್ಜರ್, ಕಾಗದಪತ್ರ ಬೇರೆ ಚೀಲದಲ್ಲಿ ಇಟ್ಟುಕೊಳ್ಳಿ. ಪ್ರೊಪೆಲ್ಲರ್ ಮುಂದಿನ ಸಾಲುಗಳ ಪಕ್ಕಕ್ಕೇ ಬರುತ್ತದೆ, ಅಲ್ಲಿ ಸದ್ದು ಜೋರು. ಹಿಂದಿನ ಕಿಟಕಿ ಸೀಟು ಕೇಳಿ. ರೆಕ್ಕೆ ಮೇಲಿರುವುದರಿಂದ ಕೆಳಗಿನ ನದಿ, ಕೆರೆ, ರಸ್ತೆ ಎಲ್ಲ ಕಾಣುತ್ತವೆ. ಜೆಟ್‌ಗಿಂತ ಕೆಳಗೆ ಹಾರುತ್ತದಲ್ವಾ, ಸ್ವಲ್ಪ ಕುಲುಕಾಟ ಇದ್ದದ್ದೇ.

ವಾಪಸ್ ಬರುವ ದಿನ ನೇರ ವಿಮಾನ ಇರಲಿಲ್ಲ. ದೊಡ್ಡ ನಗರಕ್ಕೆ ಹೋಗಿ ಅಲ್ಲಿಂದ ಬರಬೇಕಾಯಿತು. ಹಾರಿದ್ದಕ್ಕಿಂತ ಕಾದದ್ದೇ ಜಾಸ್ತಿ. ಇಂಥ ಕಡೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಕೇಳಬಹುದು. ಬೇರೆ ಬೇರೆ ಟಿಕೆಟ್ ಆದರೆ ಸಾಮಾನ್ಯವಾಗಿ ನಿಮ್ಮ ಪಾಡು ನಿಮಗೆ. ಕೌಂಟರ್‌ನಲ್ಲಿ ಬ್ಯಾಗಿಗೆ ಅಂಟಿಸುವ ಚೀಟಿಯನ್ನೂ ನೋಡಿ. ದಪ್ಪಕ್ಷರದ ಮೂರಕ್ಷರದ ಕೋಡ್ ಕೊನೆಯ ಊರಿನದೇ ಇರಬೇಕು, ಮಧ್ಯದ ನಗರದ್ದಾದರೆ ಅಲ್ಲೇ ಬ್ಯಾಗ್ ಇಳಿಸಿಕೊಂಡು ಮತ್ತೆ ಕೊಡಬೇಕಾಗುತ್ತದೆ.

ಚಳಿಗಾಲದಲ್ಲಿ ಬೆಳಗಿನ ಮೊದಲ ವಿಮಾನ ನನಗಂತೂ ಬೇಡ. ಮಂಜಿನಲ್ಲಿ ಇಳಿಸುವ ಸಲಕರಣೆ ಎಲ್ಲ ಸಣ್ಣ ಏರ್‌ಪೋರ್ಟ್‌ಗಳಲ್ಲೂ ಇರುವುದಿಲ್ಲ. ರಾತ್ರಿ ಇಳಿಯುವ ಸೌಲಭ್ಯ ಇಲ್ಲದ ಕಡೆ ಸಂಜೆಯ ಕೊನೇ ವಿಮಾನವೂ ಅಷ್ಟೇ, ತಡವಾದರೆ ರದ್ದೇ ಆಗಬಹುದು. ಮಧ್ಯಾಹ್ನದ್ದು ಸಿಕ್ಕರೆ ಅದನ್ನೇ ಹಿಡಿಯಿರಿ.

ನೇರ ವಿಮಾನ ವಾರದ ಯಾವ ದಿನ ಇದೆ ನೋಡಿ, ಆಮೇಲೆ ರಜೆ ಹಾಕಿ. ಆ ದಿನ ಹೊಂದದಿದ್ದರೆ, ಮನೆಯಿಂದ ಮನೆಗೆ ಲೆಕ್ಕ ಹಾಕಿದಾಗ ರಾತ್ರಿ ರೈಲೇ ವಾಸಿ.