ಸರ್ವರ್ ಮೇಲೆ ರೆಡ್ ಕ್ರಾಸ್ ಚಿಹ್ನೆ ಯಾರಿಗೆ ಕಾಣುತ್ತದೆ?

ಯುದ್ಧದಲ್ಲಿ ಕಾಣೆಯಾದ ಮಗನನ್ನು ಹುಡುಕಿಕೊಡಿ ಎಂದು ತಾಯಿಯೊಬ್ಬರು ಅರ್ಜಿ ಕೊಟ್ಟಾಗ, ಅವನ ಹೆಸರು, ಕೊನೆಯದಾಗಿ ಕಂಡ ಜಾಗ, ಮನೆಯವರು ಈಗ ಆಶ್ರಯ ಪಡೆದಿರುವ ವಿಳಾಸ ಎಲ್ಲವೂ ಒಂದೇ ಕಡತಕ್ಕೆ ಸೇರುತ್ತವೆ. ಅವನನ್ನು ಮನೆಗೆ ಸೇರಿಸಲು ಬೇಕಾದ ಈ ವಿವರಗಳೇ ಅವನ ಬೆನ್ನುಹತ್ತಿದವರಿಗೂ ಸಾಕು. ನೆರವು ಸಂಸ್ಥೆಯೊಂದರ ಸರ್ವರ್‌ಗಳ ಸುರಕ್ಷತೆಯನ್ನು ನಾನು ಮಡಿಕೇರಿಯಿಂದಲೇ ನೋಡಿಕೊಳ್ಳುತ್ತೇನೆ. ಮಾಹಿತಿಯನ್ನು ಹೇಗೆ ಕಾಯಬೇಕು ಎನ್ನುವುದಕ್ಕಿಂತ ಮೊದಲು ಯಾವುದನ್ನು ಇಟ್ಟುಕೊಳ್ಳಲೇಬಾರದು ಎಂದು ತೀರ್ಮಾನಿಸಬೇಕೆಂಬುದು ಈ ಕೆಲಸ ನನಗೆ ಕಲಿಸಿದ ಪಾಠ.

2022ರ ಜನವರಿ 18ರಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಸರ್ವರ್‌ಗಳ ಮೇಲಿನ ದಾಳಿ ಪತ್ತೆಯಾಯಿತು. ಅಗಲಿದ ಕುಟುಂಬಗಳನ್ನು ಕೂಡಿಸುವ ಯೋಜನೆಗಾಗಿ ಕನಿಷ್ಠ 60 ದೇಶಗಳ ರೆಡ್ ಕ್ರಾಸ್, ರೆಡ್ ಕ್ರೆಸೆಂಟ್ ಸಂಘಗಳು ಸಂಗ್ರಹಿಸಿದ್ದ 5,15,000ಕ್ಕೂ ಹೆಚ್ಚು ಜನರ ವಿವರಗಳು ಅಲ್ಲಿದ್ದವು. ದಾಳಿಕೋರರು 2021ರ ನವೆಂಬರ್ 9ರಂದೇ, ಪ್ಯಾಚ್, ಅಂದರೆ ದೋಷ ಸರಿಪಡಿಸುವ ತಂತ್ರಾಂಶದ ತುಣುಕು, ಬಿಡುಗಡೆಯಾಗಿದ್ದರೂ ಅದನ್ನು ಹಾಕದೆ ಉಳಿದಿದ್ದ ತಂತ್ರಾಂಶ ದೋಷವೊಂದರ ಮೂಲಕ ಒಳಹೊಕ್ಕು, ಅಧಿಕೃತ ಬಳಕೆದಾರರ ಸೋಗಿನಲ್ಲಿ ಓಡಾಡಿಕೊಂಡಿದ್ದರು. ಅವರ ಕೋಡ್‌ನ ಒಂದು ಭಾಗವನ್ನು ಆ ಸರ್ವರ್‌ಗಳಲ್ಲಷ್ಟೇ ಓಡುವಂತೆ ಬರೆಯಲಾಗಿತ್ತು. ಕೊನೆಗೆ ಸಮಿತಿಯೇ ವ್ಯವಸ್ಥೆಯನ್ನು ಸ್ಥಗಿತಗೊಳಿಸಬೇಕಾಯಿತು, ಹುಡುಕಾಟದ ಕೆಲಸ ಕುಂಟಿತು. ಪ್ಯಾಚ್ ತಕ್ಷಣ ಹಾಕಬೇಕು ಎಂಬುದನ್ನು ವಿವರಿಸಬೇಕಾಗಿಲ್ಲ.

ಇಲ್ಲಿನ ಸ್ವಯಂಸೇವಕರಿಗೆ ತರಬೇತಿ ಕೊಡುವಾಗ ನಿವೃತ್ತ ಸುಬೇದಾರರೊಬ್ಬರು ಕೇಳಿದರು: “ಆಸ್ಪತ್ರೆಯ ಮಾಡಿನ ಮೇಲೆ ಬರೆದ ರೆಡ್ ಕ್ರಾಸ್ ಪೈಲಟ್‌ಗೆ ಕಾಣುತ್ತದಮ್ಮಾ, ಸರ್ವರ್ ಮೇಲಿನದು ಯಾರಿಗೆ ಕಾಣುತ್ತದೆ?” ಬಹಳ ಸರಿಯಾದ ಪ್ರಶ್ನೆ. ಇಲ್ಲಿ ದಾಳಿ ಮಾಡಬಾರದು ಎಂದು ಸಾರಲು 1864ರ ಜಿನೀವಾ ಒಪ್ಪಂದದಿಂದ ಬಂದ ಆ ಚಿಹ್ನೆಗೆ ಡಿಜಿಟಲ್ ರೂಪ ಕೊಡುವ ಪ್ರಸ್ತಾವವನ್ನು ಸಮಿತಿ 2022ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ಗುರುತು ಹಾಕಿದರೆ ಕಾನೂನಿಗೆ ತಲೆಬಾಗುವವರಿಗೆ ಕಾಣುವಂತೆಯೇ ಬಾಗದವರಿಗೂ ಅದು ಕಾಣುತ್ತದೆ. ಆದ್ದರಿಂದ ಚಿಹ್ನೆ ಬೇಕೇ ಬೇಕು ಎಂದು ನಂಬಿರುವ ನಾನು, ಅದೊಂದನ್ನೇ ನೆಚ್ಚಿ ಕೂರುವುದಿಲ್ಲ.

ಪಟ್ಟಿ ಯಾರ ಕೈಗೆ ಸಿಗುತ್ತದೆ ಎಂಬುದರ ತೂಕ ಕೊಡಗಿನವರಿಗೆ ತಿಳಿಯದ್ದಲ್ಲ. ಕೊರಿಯಾ ಯುದ್ಧದ ನಂತರ, 1953ರಲ್ಲಿ, ಸ್ವದೇಶಕ್ಕೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯನವರು. ಅಂಥ ಕೈದಿಗೆ ಹೆಸರು ಬಯಲಾಗುವುದೆಂದರೆ ಊರಿನಲ್ಲುಳಿದ ಮನೆಯವರ ಪ್ರಾಣದ ಪ್ರಶ್ನೆ.

ನಮ್ಮಲ್ಲಿ ಈಗ ಹೆಸರು ಒಂದು ಸರ್ವರ್‌ನಲ್ಲಿ, ವಿಳಾಸ ಇನ್ನೊಂದರಲ್ಲಿ ಇರುತ್ತವೆ. ಎರಡನ್ನೂ ಜೋಡಿಸುವ ಕೀಲಿ ಕೆಲವೇ ಜನರ ಬಳಿ ಇರುತ್ತದೆ. ಸರ್ವರ್ ಮುಚ್ಚಬೇಕಾಗಿ ಬಂದರೂ ಹುಡುಕಾಟ ನಿಲ್ಲದಂತೆ ಕಾಗದದಲ್ಲಿ ಕೆಲಸ ಮುಂದುವರಿಸುವ ಅಭ್ಯಾಸವನ್ನೂ ಮಾಡಿಸುತ್ತೇವೆ. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ನಮ್ಮ ಸ್ವಯಂಸೇವಕರಿಗೆ ಇದರ ಅಗತ್ಯವನ್ನು ಹೇಳಿಕೊಡಬೇಕಾಗಲಿಲ್ಲ.

ಕಷ್ಟವಾದದ್ದು ಅರ್ಜಿ ನಮೂನೆಯ ಅಂಕಣಗಳನ್ನು ಕಡಿಮೆ ಮಾಡುವುದು. “ಮುಂದೆ ಬೇಕಾಗಬಹುದು” ಎಂದು ಕ್ಷೇತ್ರ ಸಿಬ್ಬಂದಿ ಪ್ರತಿ ಅಂಕಣಕ್ಕೂ ವಾದಿಸಿದರು. ಅವರ ವಾದದಲ್ಲಿ ಹುರುಳಿತ್ತು. ಹಾಗಿದ್ದರೂ ಧರ್ಮ, ಜನಾಂಗದ ಅಂಕಣಗಳನ್ನು ತೆಗೆಸಿದೆವು, ಪ್ರಕರಣ ಮುಗಿದ ಮೇಲೆ ಫೋನ್ ಸಂಖ್ಯೆಯನ್ನು ಅಳಿಸುವ ನಿಯಮ ತಂದೆವು. ಇದರಿಂದ ಹಳೆಯ ಅರ್ಜಿದಾರರು ಮತ್ತೆ ಬಂದರೆ ಎಲ್ಲವನ್ನೂ ಮೊದಲಿನಿಂದ ಕೇಳಿ ಬರೆದುಕೊಳ್ಳಬೇಕಾಗುತ್ತದೆ, ಸಿಬ್ಬಂದಿಗೆ ಅಷ್ಟು ಹೊತ್ತು ಹೆಚ್ಚು ಹಿಡಿಯುತ್ತದೆ.