ಅಣ್ಣನ ಪೆಟ್ಟಿಗೆಗಳು: ಮೇ ತಿಂಗಳಿಂದ ಇಲ್ಲಿಯವರೆಗೆ ಆದ ಕೆಲಸ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ಸೊಸೈಟಿಯಲ್ಲಿ ತೂಕದ ಕೆಲಸ ನೋಡಿಕೊಳ್ಳುತ್ತಿದ್ದ ಅಣ್ಣ ತೀರಿಕೊಂಡ ಮೇಲೂ, ತೋಟದಲ್ಲಿ ಗಾಯಗೊಂಡು ಸಿಕ್ಕ ಹಕ್ಕಿ, ಅಳಿಲು, ಪುನುಗು ಬೆಕ್ಕಿನ ಮರಿಗಳನ್ನು ಜನ ಸೊಸೈಟಿಗೇ ತರುತ್ತಿದ್ದಾರೆ. ಅಣ್ಣ ಯಾವುದನ್ನೂ ಸಾಕಿಕೊಂಡವರಲ್ಲ. ಕತ್ತಲಲ್ಲಿಟ್ಟು, ಬೆಚ್ಚಗೆ ಮಾಡಿ, ತೂಕ ಬರೆದು, ಆದಷ್ಟು ಬೇಗ ಅರಣ್ಯ ಇಲಾಖೆಗೆ ಒಪ್ಪಿಸುತ್ತಿದ್ದರು. ಆ ಕೆಲಸ ನಿಲ್ಲಬಾರದು ಎಂದು ಪೆಟ್ಟಿಗೆಗಳನ್ನು ಮಾಡಲು ಕೈ ಹಾಕಿದ್ದೇವೆ.

ಮೇ

ಅಣ್ಣ ರಟ್ಟಿನ ಪೆಟ್ಟಿಗೆ ಬಳಸಿ, ಆಮೇಲೆ ಸುಟ್ಟುಬಿಡುತ್ತಿದ್ದರು. ಹಕ್ಕಿಗೆ ಈಗಲೂ ಅದು ಚೆನ್ನ. ಆದರೆ ಮಳೆಗೆ ತಳ ಕಿತ್ತುಬರುತ್ತದೆ, ಪುನುಗು ಬೆಕ್ಕಾದರೆ ಹರಿದು ಹೊರಬರುತ್ತದೆ. ಅದಕ್ಕೇ 9 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್‌ನಲ್ಲಿ ಎರಡು ಅಳತೆ: ಮರಿಗಳಿಗೆ 30×20×20 ಸೆಂ.ಮೀ., ಹದ್ದು, ಗೂಬೆ, ಪುನುಗು ಬೆಕ್ಕಿಗೆ 50×35×40. ಬಾಗಿಲು ಮೇಲಕ್ಕೆ ಎಳೆಯುವಂಥದ್ದು. ತಂತಿ ಬಲೆ ಎಲ್ಲೂ ಇಲ್ಲ. ಬಲೆಗೆ ಬಡಿದು ರೆಕ್ಕೆಗರಿ ಮುರಿದರೆ ಮುಂದಿನ ಗರಿ ಉದುರುವ ಕಾಲದವರೆಗೆ ಹೊಸದು ಬರುವುದಿಲ್ಲ. ಮೂಳೆ ಕೂಡಿದರೂ ಹಕ್ಕಿ ಹಾರಲಾರದು.

ಗಾಳಿಗೆ ಎರಡು ಬದಿಯಲ್ಲೂ 12 ಮಿ.ಮೀ. ತೂತುಗಳು, ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ. ಒಳಗಿನಿಂದ ಹೊರಕ್ಕೆ ಕೊರೆಯಬೇಕು, ಸಿಬಿರು ಹೊರಗಡೆಯೇ ಏಳಲಿ. ವಾರ್ನಿಷ್ ಬಳಿಯದಿದ್ದರೆ ಮರ ಮೂತ್ರ ಹೀರುತ್ತದೆ, ತೊಳೆದರೂ ಶುದ್ಧವಾಗುವುದಿಲ್ಲ. ಬಳಿದ ಮೇಲೆ ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗಿಡಿ. ಹಕ್ಕಿಯ ಶ್ವಾಸಕೋಶ ಆ ಹೊಗೆ ತಾಳುವುದಿಲ್ಲ.

ಅಣ್ಣನ ರೂಢಿಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ತೂಕ. ಅಡಿಕೆ ಚೀಲದ ತೂಕ ಕಳೆಯುವ ಹಾಗೆ, ಖಾಲಿ ಪೆಟ್ಟಿಗೆಯ ತೂಕವನ್ನು ಮುಚ್ಚಳದ ಮೇಲೆ ಬರೆದಿಡುತ್ತಿದ್ದರು. ಪ್ರಾಣಿ ಸಮೇತ ತೂಗಿ ಅದನ್ನು ಕಳೆದರಾಯಿತು, ಇನ್ನೊಮ್ಮೆ ಕೈ ಹಾಕುವ ಪ್ರಮೇಯವಿಲ್ಲ. ವೈದ್ಯರು ಔಷಧಿ ಲೆಕ್ಕ ಹಾಕುವುದು ಈ ತೂಕದ ಮೇಲೆಯೇ. ಒಂದು ತೊಂದರೆ: ಮಳೆಗಾಲದಲ್ಲಿ ಪ್ಲೈವುಡ್ ತೇವ ಎಳೆದುಕೊಂಡು ಭಾರವಾಗುತ್ತದೆ. ಪಿಕಳಾರದ ಮರಿಯ ಲೆಕ್ಕದಲ್ಲಿ ಕೆಲವೇ ಗ್ರಾಂ ತಪ್ಪಿದರೂ ದೊಡ್ಡ ತಪ್ಪು. ಖಾಲಿ ಪೆಟ್ಟಿಗೆಯನ್ನು ಪ್ರತಿ ಸಲ ತೂಗಬೇಕು.

ಜೂನ್

ಒಳಗೆ ಏನು ಹಾಸುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಭತ್ತದ ಹುಲ್ಲು ಬೇಡ. ನಮ್ಮ ಜೂನ್‌ನ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಅದರ ಬೀಜಕಣ ಹಕ್ಕಿಯ ಶ್ವಾಸಕೋಶಕ್ಕೆ ಸೇರಿದರೆ ಉಳಿಸುವುದು ಕಷ್ಟ. ಗೋಣಿಚೀಲದ ಎಳೆ, ಟರ್ಕಿ ಟವೆಲಿನ ಕುಣಿಕೆ ಎರಡಕ್ಕೂ ಉಗುರು ಸಿಕ್ಕಿಕೊಳ್ಳುತ್ತದೆ. ಬರೀ ನಯವಾದ ತಳ ಬಿಟ್ಟರೆ ಮರಿಯ ಕಾಲು ಅಗಲಕ್ಕೆ ಜಾರಿ ಹಾಗೇ ಸೊಟ್ಟಗಾಗುತ್ತದೆ. ಹಳೆಯ ಹತ್ತಿ ಪಂಚೆಯ ತುಂಡೇ ಸರಿ. ಮರಿಗಾದರೆ ಅದನ್ನೇ ಸಿಂಬಿ ಸುತ್ತಿ ನಡುವೆ ಕೂರಿಸಬೇಕು.

ಕರೆಂಟು ನಂಬುವ ಹಾಗಿಲ್ಲವಾದ್ದರಿಂದ ಕಾವಿಗೆ ಬಿಸಿನೀರಿನ ಬಾಟಲಿ. ಎರಡು ಸುತ್ತು ಬಟ್ಟೆ ಸುತ್ತಿ ಪೆಟ್ಟಿಗೆಯ ಅರ್ಧಕ್ಕೆ ಮಾತ್ರ ಇಡಿ, ಸೆಕೆಯಾದರೆ ಪ್ರಾಣಿ ಆಚೆ ಸರಿಯಲು ಜಾಗ ಬೇಕು. ಗರಿ ಬಾರದ ಮರಿ ಸರಿಯಲಾರದು, ಅದರ ಪಕ್ಕ ಥರ್ಮಾಮೀಟರ್ ಇಟ್ಟು 32ರಿಂದ 35 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳಿ. ಬಾಟಲಿ ಮುಚ್ಚಳ ಸೋರಿದರೆ ನೆನೆದ ಮರಿ ಇನ್ನೂ ಬೇಗ ತಣ್ಣಗಾಗುತ್ತದೆ. ತಲೆಕೆಳಗು ಮಾಡಿ ನೋಡಿಯೇ ಇಡಿ.

ತಿನ್ನಿಸುವ ಆತುರವನ್ನು ತಡೆಯುವುದೇ ಅಣ್ಣನ ಅರ್ಧ ಕೆಲಸವಾಗಿತ್ತು. ಮೈ ತಣ್ಣಗಿದ್ದಾಗ ಹೊಟ್ಟೆಗೆ ಹಾಕಿದ್ದು ಜೀರ್ಣವಾಗದೆ ಅಲ್ಲೇ ಕೊಳೆಯುತ್ತದೆ. ಹಸುವಿನ ಹಾಲು ಹಕ್ಕಿಗಂತೂ ಬೇಡವೇ ಬೇಡ, ಅಳಿಲು ಮರಿಗೂ ಭೇದಿಯಾಗುತ್ತದೆ. ಕೊಕ್ಕು ಬಿಡಿಸಿ ನೀರು ಹೊಯ್ಯಲೇಬಾರದು: ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಒಳಗಿಳಿಯುತ್ತದೆ. ಎದೆ ಅದುಮಿ ಹಿಡಿಯುವುದೂ ಕೂಡದು. ಹಕ್ಕಿಗೆ ವಪೆ (ಎದೆ, ಹೊಟ್ಟೆಯ ನಡುವೆ ಉಸಿರಾಡಿಸುವ ಸ್ನಾಯುಪೊರೆ) ಇಲ್ಲ, ಎದೆಗೂಡು ಆಡಿದರಷ್ಟೇ ಉಸಿರು.

ಜುಲೈ

ಗಾಳಿಮಳೆಗೆ ಗೂಡು ಬಿದ್ದರೆ ಪೆಟ್ಟಿಗೆಗಿಂತ ಅಡಿಕೆ ಹಾಳೆಯೇ ಒಳ್ಳೆಯದು. ಹಾಳೆಯನ್ನು ನೆನೆಸಿ ಕೊಟ್ಟೆಯ ಹಾಗೆ ಮಡಚಿ, ತಳಕ್ಕೆ ನೀರಿಳಿಯಲು ಐದಾರು ತೂತು ಹಾಕಿ, ಸಣ್ಣ ಕಡ್ಡಿ, ಒಣ ಎಲೆ ತುಂಬಿ ಅದೇ ಗಿಡಕ್ಕೆ ಕಟ್ಟಿ ಮರಿ ಬಿಡಬೇಕು. ತೆಂಗಿನ ನಾರು ಹಾಕಬೇಡಿ, ಕಾಲಿಗೆ ಸುತ್ತಿಕೊಳ್ಳುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಡುತ್ತದೆ ಎನ್ನುವುದು ಸುಳ್ಳು. ದೂರ ನಿಂತು ನೋಡಿ, ಬರುತ್ತದೆ. ಇದು ಪಿಕಳಾರದಂಥ ಬಟ್ಟಲು ಗೂಡಿನ ಹಕ್ಕಿಗೆ ಮಾತ್ರ. ಪೊಟರೆಯಲ್ಲಿರುವ ಕುಟ್ರ, ಮಂಗಟ್ಟೆ ಮರಿಗಳಿಗೆ ನಡೆಯದು. ಗರಿ ಬಂದು ಕುಪ್ಪಳಿಸುವ ಮರಿಯನ್ನು ತರಲೇಬೇಡಿ, ಬೆಕ್ಕಿಗೆ ಸಿಗದಂತೆ ಕೊಂಬೆಯ ಮೇಲೆ ಕೂರಿಸಿದರೆ ಸಾಕು.

ಆಗಸ್ಟ್

ಸಾಗಣೆಯ ಅಭ್ಯಾಸ. ಶಿವಮೊಗ್ಗಕ್ಕೆ ಮಂಡಗದ್ದೆ ಮೇಲಿನ ದಾರಿಯಲ್ಲಿ ತಿರುವು ಜಾಸ್ತಿ. ಸೀಟಿನ ಮೇಲಿಟ್ಟ ಪೆಟ್ಟಿಗೆ ಜಾರುತ್ತದೆ. ಕಾರಿನ ನೆಲದ ಮೇಲಿಟ್ಟು ಕಟ್ಟಿ. ಹಾಡು ಬೇಡ, ಮುಚ್ಚಳ ತೆಗೆದು ಇಣುಕುವುದು ಬೇಡ. ಕಾಡುಕುರಿಯಂಥ ಪ್ರಾಣಿಗಂತೂ ಬಾಹ್ಯ ಗಾಯವಿಲ್ಲದಿದ್ದರೂ ಭಯಕ್ಕೇ ಸ್ನಾಯು ಹಾಳಾಗಿ ಮರುದಿನ ಸಾಯುವುದುಂಟು. ಕಣ್ಣಿಗೆ ಬಟ್ಟೆ ಕಟ್ಟಿ, ಜನ ಚದುರಿಸಿ, ಇಲಾಖೆಯವರು ಬರುವವರೆಗೆ ಅಲ್ಲೇ ಬಿಡಿ.

ಮುಚ್ಚಳದ ಒಳಗೆ ಅಂಟಿಸುವ ಚೀಟಿಯೂ ಆಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಪ್ರಾಣಿ ಸರ್ಕಾರದ ಸ್ವತ್ತು, ಸಿಕ್ಕ 48 ಗಂಟೆಯೊಳಗೆ ಅರಣ್ಯ ಅಧಿಕಾರಿಗೋ ಪೊಲೀಸ್ ಠಾಣೆಗೋ ತಿಳಿಸಬೇಕು. ಅರಣ್ಯ ಸಹಾಯವಾಣಿ 1926. ಬಾವಲಿಯನ್ನು ಬರಿಗೈಲಿ ಮುಟ್ಟಬೇಡಿ. ಯಾವ ಸಸ್ತನಿ ಕಚ್ಚಿದರೂ 15 ನಿಮಿಷ ಸೋಪು ಹಾಕಿ ತೊಳೆದು ರೇಬೀಸ್ ಲಸಿಕೆಗೆ ಹೋಗಿ.

ಬಳಸಿದ ಪೆಟ್ಟಿಗೆಯನ್ನು ಮೊದಲು ಸೋಪಿನಲ್ಲಿ ತಿಕ್ಕಿ, ಆಮೇಲೆ 5 ಶೇಕಡದ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಒಂದು ಪಾಲಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡಿ. ಚೆನ್ನಾಗಿ ತೊಳೆದು ಒಣಗಿಸಿ.

ಮುಂದೆ

ಡಿಸೆಂಬರ್‌ಗೆ ಮೊದಲು ಕೆಂಪಕ್ಷರದ ಇನ್ನೊಂದು ಚೀಟಿ ಬೇಕು: ಮಂಗ, ಮುಸಿಯ ಈ ಪೆಟ್ಟಿಗೆಗೆ ಇಲ್ಲ. ಉಣುಗು ಕಚ್ಚಿ ಮನುಷ್ಯರಿಗೂ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಟ ಹೆಚ್ಚು, ಸತ್ತ ಮಂಗನ ಮೈಯಿಂದ ಇಳಿದ ಉಣುಗು ಸುತ್ತಲಿನ ತರಗೆಲೆಯಲ್ಲೇ ಇರುತ್ತದೆ. ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅಣ್ಣ ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಬಗ್ಗುತ್ತಿರಲಿಲ್ಲ. ಚೀಟಿ ಲ್ಯಾಮಿನೇಟ್ ಮಾಡಿಸುವ ಕೆಲಸ ಬಾಕಿ ಇದೆ.